ಹನ್ನೊಂದು ಗಿಡ

ಚಕ್ಕೆಯನ್ನು ಮೂಗಿಗೆ ಒತ್ತಿ ಹಿಡಿದು ಗಂಗಪ್ಪ ಕಣ್ಣು ಮುಚ್ಚಿದ. ಒಮ್ಮೆ ಉಸಿರೆಳೆದ. ಮತ್ತೊಮ್ಮೆ ಎಳೆದ. ಹಸಿ ಕಟ್ಟಿಗೆಯ ತಂಪು ಮೂಗಿನ ತುದಿಗೆ ತಾಗಿತೇ ಹೊರತು ಒಳಗೆ ಏನೂ ಹೋಗಲಿಲ್ಲ.

"ಏನಂತೈತಿ ಗಂಗಣ್ಣಾ?" ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ ಮಾಬುಸಾಬ ಕೇಳಿದ.

"ಗಟ್ಟಿ ಐತಿ. ಏರು."

"ಸರಿಯಾಗಿ ನೋಡಪಾ. ಹುಣಸಿ ಇದು. ಹೊರಗ ನೋಡಿದ್ರ ಪೈಲ್ವಾನ, ಒಳಗ ಕರಳ ಇರೂದಿಲ್ಲ."

"ಇಪ್ಪತ್ತೆರಡು ವರ್ಷದಾಗ ನಿನ್ನ ಒಮ್ಮೆರ ಕೆಡವೇನೇನು?"

"ಒಮ್ಮೆ ಕೆಡವಿದ್ರ ಸಾಕಲ್ಲೋ, ಎರಡನೇ ಸಲ ಯಾರ ಬರ್ತಾರ?" ಎಂದು ನಕ್ಕು ಮಾಬುಸಾಬ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕೈಗೊಡಲಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಹುಣಸೆಯ ಗಂಟಿನ ಮೇಲೆ ಬರಿಗಾಲಿಟ್ಟ.

ಸಂಶಿಯಿಂದ ಕುಬಿಹಾಳದ ಕಡೆಗೆ ಹೋಗುವ ರಸ್ತೆಯ ಬದಿಗೆ ನಿಂತ ಗಿಡ ಅದು. ಅದರ ಒಂದು ದಪ್ಪ ಕೊಂಬೆ ಕರೆಂಟಿನ ತಂತಿಯ ಮೇಲೆ ತೋಳು ಚಾಚಿತ್ತು. ಜೂನ್ ಹತ್ತಿರ ಬಂದಂತೆ ಗಾಳಿ ಜೋರಾಗಿ, ದಿನಕ್ಕೆ ನಾಲ್ಕು ಸಲ ಲೈನು ಹೋಗುತ್ತಿತ್ತು. ಇವತ್ತು ಹತ್ತರಿಂದ ಹನ್ನೆರಡರವರೆಗೆ ಕರೆಂಟು ತೆಗೆಸಿದ್ದರು. ಆ ಎರಡು ತಾಸಿನಲ್ಲಿ ಈ ಗಿಡ ಮತ್ತು ಇದರ ಮುಂದಿನ ಬೇವು ಎರಡೂ ಮುಗಿಯಬೇಕು. ಹಿಂದಿನ ವರ್ಷ ಇದೇ ಕೆಲಸಕ್ಕೆ ಆರು ಮಂದಿ ಬರುತ್ತಿದ್ದರು. ಕೊರೊನಾದ ಎರಡನೇ ಅಲೆ ಬಂದ ಮೇಲೆ ಇಬ್ಬರು ಊರು ಸೇರಿದರು, ಒಬ್ಬ ಮಣ್ಣು ಸೇರಿದ, ಇನ್ನೊಬ್ಬನನ್ನು ಅವನ ಹೆಂಡತಿ ಬಾಗಿಲು ದಾಟಲು ಬಿಡಲಿಲ್ಲ. ಉಳಿದವರು ಇವರಿಬ್ಬರೇ. ಆರು ಮಂದಿಯ ಕೆಲಸ ಮಾತ್ರ ಹಾಗೆಯೇ ಉಳಿಯಿತು.

ಲಸಿಕೆ ಶುರುವಾದ ಹೊಸತರಲ್ಲಿ ಹಾಕಿಸಿಕೊಳ್ಳಲು ಹೋದಾಗ "ನೀವು ಯಾವ ಇಲಾಖೆ?" ಎಂದು ಕೇಳಿದ್ದರು. "ಗಿಡ ಕಡಿಯೋರ್ರಿ" ಎಂದಿದ್ದ ಮಾಬುಸಾಬ. ಪಟ್ಟಿಯಲ್ಲಿ ಡಾಕ್ಟರು, ಪೊಲೀಸರು, ಲೈನಮನ್ನರು ಎಲ್ಲರೂ ಇದ್ದರು. ಲೈನಮನ್ನನಿಗೆ ದಾರಿ ಮಾಡಿಕೊಡಲು ಕೊಂಬೆಯ ಮೇಲೆ ನಿಲ್ಲುವವನಿಗೆ ಅಲ್ಲಿ ಜಾಗ ಇರಲಿಲ್ಲ. ಸಂಶಿಯ ಬಸ್ ನಿಲ್ದಾಣದಲ್ಲಿ ಕೊರೊನಾ ಯೋಧರಿಗೆ ವಂದನೆ ಎಂಬ ಬ್ಯಾನರು ಕಟ್ಟಿದ್ದರು. ಅದರಲ್ಲಿ ಗಿಡ ಕಡಿಸುವ ಕಂತ್ರಾಟುದಾರನ ಫೋಟೊ ಇತ್ತು, ಕೊರಳಲ್ಲಿ ಮಾಲೆಯೂ ಇತ್ತು.

ಇಬ್ಬರ ಕೆಲಸವೂ ಹಿಂದಿನಿಂದ ಹಂಚಿಹೋದದ್ದು. ಏರುವವನು ಮಾಬುಸಾಬ. ಕೆಳಗೆ ಹಗ್ಗ ಹಿಡಿಯುವವನು, ಅದಕ್ಕೂ ಮೊದಲು ಗಿಡದ ಬುಡಕ್ಕೆ ಒಂದೇಟು ಹಾಕಿ ಚಕ್ಕೆ ತೆಗೆದು ಮೂಸಿ ನೋಡುವವನು ಗಂಗಪ್ಪ. ಒಳಗೆ ಕೊಳೆತ ಗಿಡಕ್ಕೆ ಒಂದು ವಾಸನೆ ಇರುತ್ತದೆ. ಬೇವಿಗೆ ಒಂದು, ಜಾಲಿಗೆ ಒಂದು, ಬಸರಿಗೆ ಇನ್ನೊಂದು. ಅದನ್ನು ಅವನ ಅಪ್ಪ ಕಲಿಸಿದ್ದ, ಅಪ್ಪನಿಗೆ ಅವರಪ್ಪ. ಹೊಲ ಕೊಡದ ಊರು ಆ ಮನೆತನಕ್ಕೆ ಕೊಡಲಿಯನ್ನು ಕೊಟ್ಟಿತ್ತು. ಮೂಗನ್ನು ಅವರೇ ಸಂಪಾದಿಸಿಕೊಂಡಿದ್ದರು.

ಆ ಮೂಗು ಹೋಗಿ ಇವತ್ತಿಗೆ ಒಂದು ತಿಂಗಳು ದಾಟಿತ್ತು.

ಜ್ವರ ಬಂದಾಗ ಆಂಬುಲೆನ್ಸಿಗೆ ಫೋನು ಹತ್ತಲಿಲ್ಲ. ಓಣಿಯವರು ಬಾಗಿಲು ಹಾಕಿಕೊಂಡರು. ಮಾಬುಸಾಬ ಬೈಕು ತಂದು, ಕೂರಲಾಗದ ಗಂಗಪ್ಪನನ್ನು ಗಿಡ ಏರುವ ಹಗ್ಗದಿಂದಲೇ ತನ್ನ ಬೆನ್ನಿಗೆ ಬಿಗಿದುಕೊಂಡು ಆಸ್ಪತ್ರೆಗೆ ಒಯ್ದಿದ್ದ. ಎಂಟು ದಿನಕ್ಕೆ ಜ್ವರ ಬಿಟ್ಟಿತು. ಮನೆಗೆ ಬಂದ ಮರುದಿನ ಹೆಂಡತಿ ದುಂಡವ್ವ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಮನೆಮಂದಿಯೆಲ್ಲ ಕೆಮ್ಮಿ ಹೊರಗೆ ಓಡಿದರು. ಗಂಗಪ್ಪನೂ ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಆದರೆ ಘಾಟಿನ ವಾಸನೆ ಬರಲಿಲ್ಲ. ಒಲೆಯ ಮುಂದೆ ಬಾಗಿ ಬಾಣಲೆಯನ್ನೇ ಮೂಸಿದ. ದುಂಡವ್ವ ಅವನ ಮುಖ ನೋಡಿ ಸೌಟು ಕೆಳಗಿಟ್ಟಳು.

"ಮಾಬಣ್ಣಗ ಹೇಳ್ರಿ," ಎಂದಿದ್ದಳು.

"ಬರತೈತಿ ತಗೋ. ಎಲ್ಲಾರಿಗೂ ತಿರಿಗಿ ಬರಾಕತ್ತೈತಂತ."

ಅಷ್ಟರಲ್ಲಿ ಕಂತ್ರಾಟುದಾರನ ಮೇಸ್ತ್ರಿ ಹನುಮೇಶ ಬಾಗಿಲಿಗೆ ಬಂದಿದ್ದ. ಬರದಿದ್ದರೆ ಬೇರೆ ಜೋಡಿ ಸಿದ್ಧ ಇದೆ ಎಂದಿದ್ದ. ಮೂಗಿಲ್ಲದ ಗಂಗಪ್ಪನನ್ನು ಯಾರು ಇಟ್ಟುಕೊಳ್ಳುತ್ತಾರೆ? ಐವತ್ತೆರಡು ವಯಸ್ಸು, ಹತ್ತು ಹೆಜ್ಜೆಗೆ ಏದುಸಿರು. ಹಗ್ಗ ಹಿಡಿಯಲು ಯಾವನಾದರೂ ಸಾಕು. ಮೊದಲ ದಿನ ಬೇವು. ಮೂಸಿದಂತೆ ಮಾಡಿ, ಕೊಡಲಿಯ ಹಿಂಬದಿಯಿಂದ ಕುಟ್ಟಿ ಸದ್ದು ಕೇಳಿ, ಗಟ್ಟಿ ಐತಿ ಎಂದ. ಗಟ್ಟಿಯೇ ಇತ್ತು. ಎರಡನೇ ದಿನವೂ ಇತ್ತು. ಸುಳ್ಳಿಗೆ ರೂಢಿಯಾಗಲು ಬಹಳ ದಿನ ಬೇಕಾಗಲಿಲ್ಲ.

ಮೇಲೆ ಮಾಬುಸಾಬ ಕೊಂಬೆಯ ನಡುವಿಗೆ ಎರಡನೇ ಹಗ್ಗ ಕಟ್ಟಿ, ಅದರ ತುದಿಯನ್ನು ಹೊಲದ ಕಡೆಗೆ ಒಗೆದ. ಕೊಂಬೆ ತಂತಿಯ ಮೇಲೆ ಬೀಳದಂತೆ ಅದನ್ನು ಎಳೆದು ಹಿಡಿಯುವುದು ಗಂಗಪ್ಪನ ಕೆಲಸ. ಹನುಮೇಶ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

"ಹತ್ತೂ ನಲವತ್ತಾತು! ಮ್ಯಾಲ ಹುಣಸಿಕಾಯಿ ತಿನ್ಕೋತ ಕುಂತೀಯೇನಲೇ ಮಾಬುಸಾಬ?"

"ನೀವ ಬರ್ರಿ ಮ್ಯಾಲ, ಕೂಡೇ ತಿನ್ನೂಣು," ಮೇಲಿನಿಂದ ಉತ್ತರ ಬಂತು.

ಹೊಲದ ಬದುವಿನಿಂದ ಕೆಂಚವ್ವ ಎಂಬ ಮುದುಕಿ ಏಳೆಂಟು ಆಡು ಹೊಡೆದುಕೊಂಡು ಬಂದಳು. ಗಿಡ ಕಡಿಯುವ ಸುದ್ದಿ ಆಡು ಕಾಯುವವರಿಗೆ ಹೇಗೋ ತಿಳಿಯುತ್ತದೆ. ಸೊಪ್ಪಿನ ಆಸೆಗೆ ಬಂದವಳು ಬರಿಗೈಯಲ್ಲಿ ಬಂದಿರಲಿಲ್ಲ. ಒಂದು ತಂಬಿಗೆ ನೀರನ್ನು ದೂರದ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು.

"ಕುಡೀರಪಾ. ಆದ್ರ ದೂರ ನಿಂದರ್ರಿ. ಸಂಶ್ಯಾಗ ಬ್ಯಾನಿ ಬಾಳ ಐತಂತ."

"ದೂರ ನಿಂದರೂದು ನಮಗ ಹೊಸಾದಲ್ಲ ಬಿಡಬೇ," ಗಂಗಪ್ಪ ಬೊಗಸೆ ಒಡ್ಡದೆ ತಂಬಿಗೆಯನ್ನೇ ಬಾಯಿಗೆ ಹಚ್ಚಿ ಕುಡಿದ. "ನಮ್ಮ ಮುತ್ಯಾನ ಕಾಲದಿಂದ ನಿಂತೇವಿ. ನೀವ ಈಗ ಕಲ್ಯಾಕತ್ತೀರಿ."

"ಬಾಯಿ ಬಾಳ ಐತಿ ನಿನಗ," ಎಂದು ಮುದುಕಿ ಸೆರಗಿನೊಳಗೆ ನಕ್ಕಳು. ತಂಬಿಗೆ ಅವನ ತುಟಿಗೆ ತಾಗಿದ್ದನ್ನು ನೋಡಿದಳು. ಬುಡದ ಕಡೆಗೆ ಹೋದ ಆಡೊಂದನ್ನು ಎಳೆಯಲು ಹೋದವಳು ಅಲ್ಲೇ ನಿಂತು ಮೂಗು ಸಿಂಡರಿಸಿದಳು.

"ಇಲ್ಲೇನ ಹುಳಿ ಅಂಬಲಿ ಚೆಲ್ಲೀರೇನು? ಏನ ನಾತಾ ಇದು, ಯವ್ವಾ!"

ಗಂಗಪ್ಪನ ಕೈಯಲ್ಲಿ ತಂಬಿಗೆ ಹಾಗೇ ನಿಂತಿತು.

"ಎಲ್ಲಿ?"

"ಇಲ್ಲೇ, ನೀ ಕೊಡ್ಲಿ ಹಾಕಿದ ಗಾಯದಾಗಿಂದ. ನಿನಗ ಹೊಡ್ಯಾಕತ್ತಿಲ್ಲೇನು?"

ಮೇಲೆ ಕೊಡಲಿಯ ಸದ್ದು ಶುರುವಾಗಿತ್ತು. ಒಂದು, ಎರಡು. ಮಾಬುಸಾಬ ಕವಲಿನ ಮೇಲೆ ನಿಂತು, ಎಡಗಾಲನ್ನು ಕೊಂಬೆಗೆ ಊರಿ ಕಡಿಯುತ್ತಿದ್ದ. ಮೂರು. ನಾಲ್ಕನೆಯದರ ಸದ್ದು ಕಟ್ಟಿಗೆಯ ಸದ್ದಿನಂತೆ ಇರಲಿಲ್ಲ. ಖಾಲಿ ಡಬ್ಬಿಯನ್ನು ಬಡಿದಂತೆ ಇತ್ತು.

"ಮಾಬೂ! ಕೊಡ್ಲಿ ನಿಂದರಸು! ಕಾಲು ತಗಿ, ಇಳಿ!"

"ಯಾಕೋ? ಜೇನು ಅದಾವೇನು?"

"ಇಳಿಯಲೇ ಮೊದಲ! ಗಿಡಾ ಟೊಳ್ಳ ಐತಿ!"

ಮಾಬುಸಾಬ ಮತ್ತೆ ಪ್ರಶ್ನೆ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಕೆಳಗಿನ ಮಾತನ್ನು ಮೇಲೆ ನಿಂತು ಮೀರಿದವನಲ್ಲ. ಕಾಲು ತೆಗೆದ ಕೂಡಲೇ ಕವಲಿನಲ್ಲಿ ಕಿರ್ರೆಂದಿತು. ಬೊಡ್ಡೆಯನ್ನು ತಬ್ಬಿಕೊಂಡು ಜಾರುತ್ತ ಇಳಿದ. ನೆಲ ಮುಟ್ಟಿದಾಗ ಮುಂಗೈಗಳ ಚರ್ಮ ಕಿತ್ತು ರಕ್ತ ಸಣ್ಣಗೆ ಮೂಡಿತ್ತು.

"ಈಗರ ಗಟ್ಟಿ ಅಂದಿ," ಎಂದ, ಉಸಿರು ತಿರುಗಿಸಿಕೊಳ್ಳುತ್ತ.

ಗಂಗಪ್ಪ ಬುಡದಲ್ಲಿ ಬಿದ್ದಿದ್ದ ಚಕ್ಕೆಯನ್ನು ಎತ್ತಿ ಅವನತ್ತ ಚಾಚಿದ. "ನನಗ ವಾಸನಿ ಬರೂದಿಲ್ಲ, ಮಾಬು. ಬ್ಯಾನಿ ಬಿದ್ದಾಗಿಂದ ಬರೂದಿಲ್ಲ."

ಗಾಳಿಗೆ ಹುಣಸೆ ಎಲೆಗಳು ಉದುರುತ್ತಿದ್ದವು. ಆಡುಗಳು ಅವನ್ನು ಮುರುಮುರು ಮೇಯುತ್ತಿದ್ದವು. ಮಾಬುಸಾಬ ಚಕ್ಕೆ ತೆಗೆದುಕೊಳ್ಳಲಿಲ್ಲ.

"ಎಷ್ಟ ಗಿಡಾ?"

"ಇದನ್ನ ಬಿಟ್ಟು ಹನ್ನೊಂದು."

"ಗುಡಿ ಹಿಂದಿನ ಅರಳಿ?"

"ಹೂಂ."

"ಆ ಬಸರಿ? ಮಗಳ ಮದಿವಿ ಮಾತಾಡಿಕೋತ, ನಕ್ಕೋತ ಏರಿದ್ನೆಲ್ಲಾ?"

"ಅದೂ."

ಮಾಬುಸಾಬ ರಸ್ತೆಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತ. ಮುಂಗೈಯ ರಕ್ತವನ್ನು ಮಾಸ್ಕಿನಿಂದ ಒರೆಸಿಕೊಂಡ. "ಮುಂಜಾನೆ ಮನಿ ಬಿಡೂ ಮುಂದ ಹಲೀಮಾ ಹುಷಾರ ಅಂದ್ಲು. ಏನಂದೆ ಗೊತ್ತೈತೇನು ಗಂಗಪ್ಪ? ಕೆಳಗ ಗಂಗಣ್ಣ ಅದಾನ, ನೀ ರೊಟ್ಟಿ ಕಟ್ಟು ಅಂದೆ."

ಗಂಗಪ್ಪ. ಪೂರ್ತಿ ಹೆಸರು. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಅದು ಬಂದದ್ದು ಇದೇ ಮೊದಲು.

ಹನುಮೇಶ ಬೈಕು ಇಳಿದು ಬಂದಿದ್ದ. "ಏನಲೇ ಇದು? ಮ್ಯಾಲಿಂದ ಬಿದ್ದು ಸತ್ತಿದ್ರ ಯಾರ ಕೊರಳಿಗೆ ಬರ್ತಿತ್ತು? ಮೂಗಿಲ್ಲ ಅಂದಮ್ಯಾಲ ಮನ್ಯಾಗ ಕುಂದರಬೇಕು!"

"ಜ್ವರಾ ಬಿಟ್ಟ ಮರುದಿನ ಬಾಗಲಕ್ಕ ಬಂದು ನಿಂತೋರು ಯಾರ್ರಿ?" ಗಂಗಪ್ಪನ ದನಿ ಏರಲಿಲ್ಲ. ಏರಿಸಲು ಎದೆಯಲ್ಲಿ ಅಷ್ಟು ಗಾಳಿಯೂ ಇರಲಿಲ್ಲ. "ಆಗ ನನಗ ಮೂಗೈತೋ ಇಲ್ಲೋ, ಕೇಳಿದ್ರೇನು? ಕೈ ಎರಡ ಅದಾವೇನು ಅಂತ ನೋಡಿದ್ರಿ."

"ಮಾತು ಸಾಕು. ಹನ್ನೊಂದಾತು. ಲೈನಿನ ಮ್ಯಾಲಿನ ಟೊಂಗಿ ಹಂಗ ಬಿಟ್ಟು ಹೋದ್ರ ನನ್ನ ಕೆಲಸಾ ಹೋಗತೈತಿ."

"ಏರೂದು ಬ್ಯಾಡ," ಗಂಗಪ್ಪ ಹೇಳಿದ. "ಹಗ್ಗಾ ಕಟ್ಟೇತಿ. ನಾಲ್ಕೇಟೂ ಬಿದ್ದಾವು. ಹೊಲದ ಕಡೆ ಎಳದ್ರ ತಾನ ಮುರಕೊಂಡು ಬರತೈತಿ. ಇಬ್ಬರಿಗೆ ಆಗೂದಿಲ್ಲ. ನೀವೂ ಹಿಡೀರಿ."

ಹನುಮೇಶ ತನ್ನ ಬಿಳಿ ಅಂಗಿ ನೋಡಿಕೊಂಡ. ಕೆಂಚವ್ವ ಅಷ್ಟರಲ್ಲಿ ಸೆರಗು ಸಿಕ್ಕಿಸಿ ಹಗ್ಗದ ತುದಿ ಹಿಡಿದಿದ್ದಳು. "ಹಿಡಿಯೋ ಸಾಹೇಬಾ. ಸೊಪ್ಪು ನನ್ನ ಆಡಿಗೆ, ಪುಣ್ಯಾ ನಿನಗ."

ಎರಿಹೊಲದ ಬಿರುಕುಗಳಲ್ಲಿ ಕಾಲು ಊರಿ ನಾಲ್ವರೂ ಒಂದೇ ಹಗ್ಗಕ್ಕೆ ಬಿದ್ದರು. ಮೊದಲು ಮಾಬುಸಾಬ, ಅವನ ಹಿಂದೆ ಗಂಗಪ್ಪ, ಮೇಸ್ತ್ರಿ, ಮುದುಕಿ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಬಡಿಯುತ್ತಿತ್ತು. ಒಬ್ಬರ ಉಸಿರು ಇನ್ನೊಬ್ಬರ ಕತ್ತಿನ ಮೇಲಿತ್ತು. ಎಳೆದರು, ಬಿಟ್ಟರು, ಎಳೆದರು. ಗಂಗಪ್ಪನ ಎದೆ ತಿದಿಯಂತೆ ಹಾರುತ್ತಿತ್ತು. ಮುಂದಿನ ಬೆನ್ನು ಒಮ್ಮೆಯೂ ತಿರುಗಲಿಲ್ಲ. ಏಳನೆಯದೋ ಎಂಟನೆಯದೋ ಎಳೆತಕ್ಕೆ ಮೇಲೆ ಬಟ್ಟೆ ಹರಿದಂತೆ ಸದ್ದಾಯಿತು. ಕೊಂಬೆ ಹೊಲದೊಳಗೆ ಬಿದ್ದು ದೂಳೆಬ್ಬಿಸಿತು. ತಂತಿ ಸ್ವಲ್ಪ ತೂಗಾಡಿ ನಿಂತಿತು.

ಮುರಿದಲ್ಲಿ ಒಂದು ಕೊಡ ಕೂರುವಷ್ಟು ಟೊಳ್ಳಿತ್ತು. ಒಳಗೆ ಕಂದು ಪುಡಿ, ಅದರ ಕೆಳಗೆ ನುಚ್ಚಿನಂಥ ಹಸಿ ರಾಡಿ. ಮಾಬುಸಾಬ ಎಡಗಾಲು ಊರಿದ್ದ ಜಾಗದಲ್ಲಿ ಬೆರಳು ದಪ್ಪದ ಸಿಪ್ಪೆ ಮಾತ್ರ ಉಳಿದಿತ್ತು. ಅವನು ಬಾಗಿ ಅದನ್ನು ಬೆರಳಿನಿಂದ ಒತ್ತಿದ. ಅದು ಮುರಿಯಿತು.

ಹನುಮೇಶ ಕೊಂಬೆಯ ಪಕ್ಕ ನಿಂತು ತನ್ನ ಫೋಟೊ ತಾನೇ ತೆಗೆದುಕೊಂಡ. ಆಮೇಲೆ ಮೊಬೈಲು ಕಿಸೆಗಿಟ್ಟು, "ಬೇವು ಮುಗಸ್ರಿ," ಎಂದ. "ನಾಳಿಂದ ಗಂಗಪ್ಪ ಬ್ಯಾಡ. ಮಾಬುಸಾಬ, ನಿನ್ನ ಜೋಡಿ ಬ್ಯಾರೆ ಒಬ್ಬನ್ನ ಕಳಸ್ತೀನಿ."

ಮಾಬುಸಾಬ ಕೊಡಲಿ ಎತ್ತಿಕೊಂಡು ಬೇವಿನ ಕಡೆಗೆ ನಡೆದ. ಗಂಗಪ್ಪ ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹಿಂದೆ ಹೊರಟ. ನಡುವೆ ಹತ್ತು ಹೆಜ್ಜೆಯ ಅಂತರವಿತ್ತು. ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮುಂದಿನವನು ನಿಲ್ಲಲಿಲ್ಲ. ಆದರೆ ಬೇಗ ಬೇಗ ನಡೆಯಲೂ ಇಲ್ಲ.

ಬೇವಿನ ಬುಡದಲ್ಲಿ ಮಾಬುಸಾಬ ತಾನೇ ಒಂದೇಟು ಹಾಕಿ ಚಕ್ಕೆ ಎಬ್ಬಿಸಿದ. ಮೂಗಿಗೆ ಹಿಡಿದು ಬಹಳ ಹೊತ್ತು ನಿಂತ. ಹನುಮೇಶ ದೂರದಿಂದ ಕೂಗಿದ:

"ಏನಲೇ, ತಿಳೀತೇನು?"

"ವಾಸನಿ ಬರತೈತ್ರಿ. ಏನಂತೈತೋ ತಿಳಿಯೂದಿಲ್ಲ."

ಗಂಗಪ್ಪ ಹಗ್ಗ ಇಳಿಸಿ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದ. ಮಾಬುಸಾಬ ಅವನ ಕಡೆ ನೋಡಲಿಲ್ಲ. ಬೊಡ್ಡೆಗೆ ಹೇಳುವಂತೆ ಹೇಳಿದ:

"ಹಸಿ ಮಣ್ಣಿನಂಗ ಐತಿ."

ಗಂಗಪ್ಪ ಕೇಳಿದ. "ಯಾವ ಮಣ್ಣು? ಕರಿ ಎರಿಯೋ, ಕೆಂಪು ಮಸಾರಿಯೋ?"

ಮಾಬುಸಾಬ ಚಕ್ಕೆಯನ್ನು ಮತ್ತೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.