ಹೆರಾಲ್ಡರ ಎಡಗಾಲು

ನಾನು ಒಂದು ಕ್ಲಚ್ ಪ್ಲೇಟು. ಊಟದ ತಟ್ಟೆಯಷ್ಟಗಲದ ಉಕ್ಕಿನ ಬಿಲ್ಲೆ, ಎರಡೂ ಮೈಗೆ ರಿವೆಟ್ ಹೊಡೆದು ಕೂರಿಸಿದ ಒರಟು ಪಟ್ಟಿ, ಇಷ್ಟೇ ನಾನು. ಹುಟ್ಟಿದ್ದು ಹೊಸೂರಿನ ಒಂದು ಕಾರ್ಖಾನೆಯಲ್ಲಿ. ಡಬ್ಬಿಯಿಂದ ತೆಗೆದವರು ಮಂಗಳೂರಿನ ಹೆರಾಲ್ಡ್ ರೆಬೆಲ್ಲೊ ಎಂಬವರ ಓಟದ ಕಾರಿನ ಹೊಟ್ಟೆಗೆ ಸೇರಿಸಿಬಿಟ್ಟರು. ಅಲ್ಲಿ ಕತ್ತಲೆ. ಕೇಳಿದ್ದರಿಂದ, ಮೈಗೆ ತಾಗಿದ್ದರಿಂದ ಮಾತ್ರ ನಾನು ಲೋಕವನ್ನು ಬಲ್ಲೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಪೆಡಲಿನಿಂದ ಕಾಲು ತೆಗೆದರೆ ಎಂಜಿನ್ನನ್ನು ಬಿಗಿಯಾಗಿ ಹಿಡಿದು ಅದರ ಓಟವನ್ನು ಚಕ್ರಗಳ ಕಡೆಗೆ ದಾಟಿಸಬೇಕು. ಒತ್ತಿದರೆ ಬಿಟ್ಟುಬಿಡಬೇಕು. ಕಾಲು ಸುಮ್ಮನೆ ಪೆಡಲಿನ ಮೇಲೇ ಕೂತಿದ್ದರೆ ಹಿಡಿಯಲೂ ಆಗದೆ, ಬಿಡಲೂ ಆಗದೆ, ಉಜ್ಜಿ ಉಜ್ಜಿ ಸುಡುತ್ತೇನೆ. ಹೆರಾಲ್ಡರ ಎಡಗಾಲು ಹಾಗೆ ಕೂತೇ ಇರುತ್ತಿತ್ತು. ರ‍್ಯಾಲಿಗಳಲ್ಲಿ ಕಪ್ ಗೆದ್ದ ಕಾಲಂತೆ ಅದು. ಗೆದ್ದಿರಬಹುದು, ನನಗಂತೂ ಅದರಿಂದ ಸಾಕುಸಾಕಾಗಿತ್ತು.

ಘಾಟಿಯಲ್ಲಿ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಕಾರಿಗೆ ವೇಗವೇ ಬರುತ್ತಿರಲಿಲ್ಲ. ಜೊತೆಗೆ ನನ್ನ ಮೈ ಸುಟ್ಟ ವಾಸನೆ.

“ಈ ಪ್ಲೇಟೂ ಹೋಯ್ತು ಐರಿನ್. ಈಗಿನ ಸಾಮಾನೇ ಸಮ ಇಲ್ಲ,” ಎಂದು ಅವರು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನನಗಿಂತ ಮೊದಲಿದ್ದ ಪ್ಲೇಟನ್ನೂ ಹೀಗೇ ಬೈದು ಗುಜರಿಗೆ ಹಾಕಿದ್ದರಂತೆ. ಹಳೆಯ ಓಟಗಾರರ ರ‍್ಯಾಲಿ ಹತ್ತಿರ ಬಂದಿತ್ತು. ಈ ಸಲವೂ ಕಾರನ್ನು ತಾವೇ ಓಡಿಸಬೇಕು, ಅದೊಂದೇ ಅವರ ಜಪ.

ಅವರ ಕಾರನ್ನು ಮೊದಲಿನಿಂದ ನೋಡುತ್ತಿದ್ದ ಸದಾನಂದ ಸಾಲಿಯಾನರ ಗ್ಯಾರೇಜಿಗೆ ಹೋದೆವು. ಸದಾನಂದರು ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರು ಹಾಕಿ, ಪೆಡಲು ಬಿಟ್ಟರು. ನಾನು ಗಟ್ಟಿಯಾಗಿ ಹಿಡಿದೆ. ಎಂಜಿನ್ ಒಮ್ಮೆ ನಡುಗಿ ನಿಂತಿತು.

“ಹಿಡೀತಾ ಉಂಟಲ್ಲ ಹೆರಾಲ್ಡಣ್ಣ. ಸ್ಲಿಪ್ ಆಗುದಾದ್ರೆ ಎಂಜಿನ್ ಹೀಗೆ ನಿಲ್ಲುದಿಲ್ಲ. ಈಗ ನೀವೊಮ್ಮೆ ಬಿಡಿ ನೋಡುವ.”

ಹೆರಾಲ್ಡರು ಕೂತರು. ಅದೇ ಗೇರು, ಅದೇ ಬ್ರೇಕು. ಎಂಜಿನ್ ನಿಲ್ಲಲಿಲ್ಲ, ಕಿರುಚಿತು. ನಾನು ಮತ್ತೆ ಸುಡತೊಡಗಿದೆ.

“ನೋಡಿದ್ಯಾ? ಕಾಲು ಪೂರ್ತಿ ತೆಗ್ದಿದ್ದೇನೆ, ಆದ್ರೂ ನಿಲ್ಲುದಿಲ್ಲ!”

“ತೆಗ್ದಿಲ್ಲ ನೀವು,” ಬಾಗಿಲ ಬಳಿ ಬಗ್ಗಿದ್ದ ಐರಿನ್ ಅಂದರು. “ಪೆಡಲಿನ ಮೇಲೇ ಉಂಟು.”

“ಎಂತ ಮಾತಾಡ್ತೀ ನೀನು?”

ಥಟ್ಟನೆ ಪೆಡಲಿನ ಭಾರ ಇಳಿಯಿತು. ನಾನು ಹಿಡಿದೆ, ಎಂಜಿನ್ ನಿಂತಿತು.

“ನಾನೇ ನಿಮ್ಮ ಕಾಲು ಹಿಡಿದು ಕೆಳಗಿಟ್ಟೆ,” ಅಂದರು ಐರಿನ್. “ಗೊತ್ತಾಯ್ತಾ ನಿಮ್ಗೆ?”

ಹೆರಾಲ್ಡರ ದನಿ ಸಣ್ಣಗೆ ಬಂತು. “ಇಲ್ಲ.”

“ಸಕ್ಕರೆ ಕಾಯಿಲೆಗೆ ಪಾದ ಜೋಮು ಹಿಡೀತದೆ ಅಂತ ಡಾಕ್ಟರು ಹೇಳಿದ್ರಲ್ಲ…” ಅಂದರು ಐರಿನ್.

“ಹೊಸ ಪ್ಲೇಟು ಬೇಡ ಸದಾನಂದ,” ಅಂದರು ಹೆರಾಲ್ಡರು. “ಐರಿನ್, ಇನ್ನು ನೀನೇ ಓಡಿಸು.” ತಪ್ಪು ನನ್ನದಲ್ಲವೆಂದು ಸಾಬೀತಾಗಿತ್ತು, ಖುಷಿಪಡಬೇಕಿತ್ತು. ಆಗಲಿಲ್ಲ. ಆ ಕಾಲಿನ ಮೇಲಿದ್ದ ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿಯಿತು.

ಈಗ ನನಗೆ ವಯಸ್ಸಾಗಿದೆ. ಪಟ್ಟಿ ಸವೆದು ರಿವೆಟ್‌ಗಳು ಮೇಲೆ ಬರುತ್ತಿವೆ. ಆದರೂ ಇಷ್ಟು ವರ್ಷ ಬಾಳಿದ್ದೇ ದೊಡ್ಡದು, ಐರಿನ್ ಕಾಲನ್ನು ಅಷ್ಟು ಚೊಕ್ಕವಾಗಿ ತೆಗೆಯುತ್ತಾರೆ. ಭಾನುವಾರ ಚರ್ಚಿಗೆ ಹೋಗುವಾಗ ಹೆರಾಲ್ಡರು ಪಕ್ಕದ ಸೀಟಿನಲ್ಲಿರುತ್ತಾರೆ. ಐರಿನ್ ಗೇರು ಬದಲಿಸುವಾಗಲೆಲ್ಲ ಆ ಸೀಟಿನ ಮುಂದಿನ ನೆಲವನ್ನು ಎಡಗಾಲಿನ ಬೂಟು ಗಟ್ಟಿಯಾಗಿ ಒತ್ತುವುದು ಕೇಳಿಸುತ್ತದೆ. ಅವರಿಗದು ತಿಳಿಯುವುದಿಲ್ಲ. ಐರಿನ್ ಹೇಳುವುದೂ ಇಲ್ಲ.