ಕೋಲಾರದ ಲೈನು ಖಾಲಿ ಇತ್ತು

ದಕ್ಷಿಣಾಮೂರ್ತಿಯ ಕೈಯಲ್ಲಿದ್ದ ಪ್ಲಗ್ಗು ಟೆಲಿಫೋನ್ ಬೋರ್ಡಿನ ಮುಂದೆ ತಡವರಿಸಿ ನಿಂತಿತು. ಚಿಂತಾಮಣಿ ಎಕ್ಸ್‌ಚೇಂಜಿನಿಂದ ಬೆಂಗಳೂರಿಗೆ ಎರಡು ದಾರಿ. ಕೋಲಾರದ ಮೇಲೆ ಕೊಟ್ಟರೆ ಬೇಗ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಸುತ್ತು, ತಡ. ಆದರೆ ಚಿಕ್ಕಬಳ್ಳಾಪುರದ ಬೋರ್ಡಿನಲ್ಲಿ ರಾಧಮ್ಮ ಕೂರುತ್ತಿದ್ದಳು. ಮುಖ ನೋಡಿದವನಲ್ಲ, ದನಿಗೇ ಸೋತಿದ್ದ. ಆ ದನಿಗಾಗಿ ಎಷ್ಟು ಜನ ರೇಷ್ಮೆ ವ್ಯಾಪಾರಿಗಳಿಗೆ "ಕೋಲಾರ ಬಿಜಿ ಸ್ವಾಮಿ" ಎಂದು ಸುಳ್ಳು ಹೇಳಿ ಸುತ್ತುದಾರಿ ಹತ್ತಿಸಿದ್ದನೋ, ಪುಣ್ಯಾತ್ಮ!

ಬೆಳಿಗ್ಗೆ ಲೈನು ಪರೀಕ್ಷೆಗೆ ಕರೆದವಳು ಹೇಳಿದ್ದಳು: "ಸಂಜೆ ತುಮಕೂರಿನ ಗಂಡಿನ ಕಡೆಯೋರಿಗೆ ನಮ್ಮಪ್ಪ ಮಾತು ಕೊಡ್ತಾರೆ ಕಣ್ರೀ. ಐದಕ್ಕೆ ಡ್ಯೂಟಿ ಬಿಡ್ತೀನಿ. ನೀವೇನೋ ಕೇಳ್ಬೇಕು ಅಂತಿದ್ರಲ್ಲ, ಅಷ್ಟರೊಳಗೆ ಕೇಳಿಬಿಡಿ."

ನಮ್ಮಮ್ಮನ್ನ ನಿಮ್ಮನೆಗೆ ಕಳಿಸ್ಲಾ? ಕೇಳಬೇಕಾದದ್ದು ಇಷ್ಟೇ. ದಿನವಿಡೀ ನಾಲಿಗೆ ಹೊರಳಿರಲಿಲ್ಲ. ಈಗ ಐದಾಗುತ್ತ ಬಂದಿತ್ತು.

"ಬಿರ್ರನೆ ಕೊಡಪ್ಪಾ, ನನ್ನ ಹೆಂಡ್ರು ಬೆಂಗ್ಳೂರ್ ಆಸ್ಪತ್ರೇಲವ್ಳೆ. ಹೆರಿಗೆ ಕಷ್ಟ ಆಗೈತಂತೆ," ಎಂದು ಕೈವಾರದ ಬಯ್ಯಪ್ಪ ಪಕ್ಕದಲ್ಲೇ ರಿಸೀವರ್ ಹಿಡಿದು ಅಂಗಲಾಚುತ್ತಿದ್ದ.

ಸುತ್ತುದಾರಿ ಹಿಡಿದರೆ ರಾಧಮ್ಮ ಸಿಗುತ್ತಾಳೆ. ಕೋಲಾರವೋ, ಹಾಳಾದ್ದು, ಖಾಲಿ ಇತ್ತು. ದಕ್ಷಿಣಾಮೂರ್ತಿ ಕಣ್ಣುಮುಚ್ಚಿ ಪ್ಲಗ್ಗನ್ನು ಕೋಲಾರಕ್ಕೆ ಚುಚ್ಚಿದ.

ಆಸ್ಪತ್ರೆ ಸಿಕ್ಕಿತು. ಆದರೆ ದನಿ ಬಾವಿಯ ತಳದಿಂದ ಬಂದಂತಿತ್ತು. ಬಯ್ಯಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ನಡುವೆ ಕೂತವನೇ ಇಬ್ಬರ ಮಾತನ್ನೂ ದಾಟಿಸಬೇಕು.

"ಆಪರೇಶನ್ ಮಾಡ್ಬೇಕಂತೆ. ನಿಮ್ಮ ಒಪ್ಪಿಗೆ ಕೇಳ್ತಿದಾರೆ."

ಟಪ್ಪೆಂದು ಬೋರ್ಡಿನಲ್ಲಿ ಚಿಕ್ಕಬಳ್ಳಾಪುರದಿಂದ ಕರೆ ಬಂತೆಂದು ತೋರುವ ಬಿಲ್ಲೆ ಬಿತ್ತು, ಗಂಟೆ ಬಡಿಯತೊಡಗಿತು. ರಾಧಮ್ಮ ಕರೆಯುತ್ತಿದ್ದಳು.

"ಅವ್ಳು ಉಳೀತಾಳಾ ಕೇಳಪ್ಪಾ."

ಕೇಳಿದ. "ಈಗ್ಲೇ ಮಾಡಿದ್ರೆ ಉಳೀತಾರಂತೆ."

ಗಂಟೆ ನಿಂತು ಮತ್ತೆ ಬಡಿಯಿತು. ದಕ್ಷಿಣಾಮೂರ್ತಿಯ ಕೈ ಅತ್ತ ಚಾಚಿ ಹಿಂದೆ ಬಂತು. ಬಯ್ಯಪ್ಪನ ಕಣ್ಣು ಮಾತ್ರ ಅವನ ಬಾಯಿಯ ಮೇಲೇ ನೆಟ್ಟಿತ್ತು.

"ಹೇಳಿ ಯಜಮಾನ್ರೇ, ಒಪ್ಪಿಗೇನಾ?"

"ಹೂಂ ಅನ್ನು ನಮ್ಮಪ್ಪಾ, ಹೂಂ ಅನ್ನು!"

"ಒಪ್ಪಿಗೆ," ಎಂದು ದಕ್ಷಿಣಾಮೂರ್ತಿ ಕೂಗಿದ. "ಕೇಳಿಸ್ತಾ? ಒಪ್ಪಿಗೆ!"

ಅಷ್ಟರಲ್ಲಿ ಗಂಟೆ ನಿಂತುಹೋಗಿತ್ತು. ಬಯ್ಯಪ್ಪ ಕೈಮುಗಿದು ಬಸ್‌ಸ್ಟ್ಯಾಂಡಿನತ್ತ ಓಡಿದ ಮೇಲೆ ದಕ್ಷಿಣಾಮೂರ್ತಿ ಪ್ಲಗ್ಗು ಬದಲಿಸಿದ.

"ಚಿಕ್ಕಬಳ್ಳಾಪುರ, ಹೇಳಿ," ಎಂದಿತು ಗಂಡು ದನಿ. "ರಾಧಮ್ಮನೋರಾ? ಈಗ್ತಾನೇ ಹೋದ್ರು ಸಾರ್. ಐದಾದ್ರೂ ನನ್ಗೆ ಕುರ್ಚಿ ಬಿಡ್ದೆ ನಿಮ್ಗೇ ಕರೀತಿದ್ರು. ಚಿಂತಾಮಣಿ ಲೈನ್ ಕೆಟ್ಟಿರ್ಬೇಕು ಅಂದ್ಬಿಟ್ಟು ಎದ್ರು. ಕೆಟ್ಟಿತ್ತಾ?"

"ಇಲ್ಲ," ಎಂದ ದಕ್ಷಿಣಾಮೂರ್ತಿ. "ಚೆನ್ನಾಗಿ ಕೇಳಿಸ್ತಿದೆ."

ಬಿದ್ದಿದ್ದ ಬಿಲ್ಲೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ ಕೂರಿಸಿದ.