ಗಿಳಿಯಿಲ್ಲದ ಕಡಲ್ಗಳ್ಳರು

“ಎಡಗಣ್ಣೋ ಬಲಗಣ್ಣೋ, ಯಾವ್ದಾದ್ರೂ ಒಂದ್ ಮುಚ್ಕಳ್ಲಾ ಬೋಳೀಮಗನೆ. ಎರಡೂ ಬಿಟ್ಕಂಡ್ ನಿಂತ್ರೆ ಅದ್ಯಾವ್ ಸೀಮೆ ಕಡಲ್ಗಳ್ಳ?”

ಬೈದವರು ಶಾಲಾ ಸಮಿತಿಯ ಅಧ್ಯಕ್ಷ ಚನ್ನವೀರಯ್ಯ. ಬೈಸಿಕೊಂಡವನು ಮುತ್ತುರಾಜ್. ಕಾವ್ಯ ಮೇಡಂ ಅವನ ಹೆಗಲಿಗೆ ಹಸಿರು ಕಾಗದದ ಗಿಳಿಯೊಂದನ್ನು ಪಿನ್ನು ಹಾಕಿ ಚುಚ್ಚುತ್ತಿದ್ದರು. ಪಿನ್ನು ಅಂಗಿ ದಾಟಿ ಚರ್ಮಕ್ಕೂ ನಾಟಿತು.

“ಯಜಮಾನ್ರೆ, ನಾನು ಕಳ್ಳ ಅಲ್ಲ. ಕಳ್ರು ಹಿಡ್ಕಂಡಿದ್ದು ನನ್ನ.”

“ಯಾವ್ದೋ ಒಂದು. ಮಕ್ಳಿಗೇನ್ ಗೊತ್ತಾಯ್ತದೆ? ನೆಟ್ಗೆ ಕುಣಿ. ನಿಮ್ಮವ್ವನ ಕೈಗೆ ಸೌಟು ಕೊಡುಸ್ತೀನಿ.”

ಆ ಸೌಟಿಗಾಗಿಯೇ ಮುತ್ತುರಾಜ್ ಬಂದಿದ್ದ. ಸಿ.ಎಸ್. ಪುರದ ಆಚೆಯ ಈ ಊರಿನ ಶಾಲೆಗೆ ಅವನ ತಾಯಿ ದೊಡ್ಡಗಂಗಮ್ಮ ಅಡುಗೆಯವಳೆಂದು ನೇಮಕವಾಗಿ ನಾಲ್ಕು ವರ್ಷ. ಮೊದಲ ದಿನದಿಂದಲೂ ಅವಳಿಗೆ ಸಿಕ್ಕಿದ್ದು ಪೊರಕೆ ಮತ್ತು ಮುಸುರೆ ಪಾತ್ರೆ. ಇವಳು ಸಾರು ಮುಟ್ಟಿದರೆ ಮೇಲಿನ ಕೇರಿಯ ಮಕ್ಕಳು ಉಣ್ಣುವುದಿಲ್ಲ ಎಂದಿದ್ದರು ಅಧ್ಯಕ್ಷರು. ಮಗ ಸರಕು ಹಡಗಿನಲ್ಲಿ ಅಡುಗೆಯವನಾದ. ಆ ಹಡಗನ್ನು ಕಡಲ್ಗಳ್ಳರು ಹಿಡಿದರು. ಬಿಡುಗಡೆಯಾಗಿ ಬಂದವನ ಫೋಟೋ ಪೇಪರಿನಲ್ಲಿ ಬಂದದ್ದೇ ತಡ, ಅಧ್ಯಕ್ಷರಿಂದ ಕರೆ ಬಂತು: ಶಾಲೆ ವಾರ್ಷಿಕೋತ್ಸವಕ್ಕೆ ಸನ್ಮಾನ, ಜೊತೆಗೊಂದು ವೇಷ.

ಸ್ಟೇಜಿನ ಮೇಲೆ ಮುತ್ತುರಾಜ್ ರಟ್ಟಿನ ಕತ್ತಿ ಎತ್ತಬೇಕಿತ್ತು. ಎತ್ತಿದ. ಮಕ್ಕಳ ಮುಖ ನೋಡಿದ. ಕತ್ತಿಯನ್ನು ಕೆಳಗಿಟ್ಟು ಮೈಕು ತೆಗೆದುಕೊಂಡ.

“ಮಕ್ಳೆ, ಅವ್ರತ್ರ ಕತ್ತಿ ಇರ್ಲಿಲ್ಲ. ಗಿಳೀನೂ ಇರ್ಲಿಲ್ಲ, ಮೇಕೆ ಸಾಕ್ಕಂಡಿದ್ರು. ಹವಾಯ್ ಚಪ್ಲಿ ಹಾಕ್ಕಂಡು ಮೋಟಾರ್ ದೋಣೀಲಿ ಬಂದು ಏಣಿ ಹಾಕಿ ಹತ್ತುದ್ರು. ನಿಧಿ ಗಿಧಿ ಕೇಳ್ಲಿಲ್ಲ. ಮೊದ್ಲು ಕೇಳಿದ್ದು ಚಾರ್ಜರ್. ಕಂಪ್ನಿ ದುಡ್ ಕಳ್ಸೋಗಂಟ ನಮ್ಮುನ್ನ ಒತ್ತೆ ಇಟ್ಕಂಡು, ಯಾವ್ದೋ ಸೊಪ್ ಜಗೀತಾ ಕೂತಿದ್ರು.”

“ಬಂದೂಕ?” ಎಂದಳು ಮುಂದಿನ ಸಾಲಿನ ಹುಡುಗಿ.

“ಇತ್ತು. ನೋಡ್ದೇಟ್ಗೆ ಚಡ್ಡೀಲೇ ಉಚ್ಚೆ ಹುಯ್ಕಂಡೆ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಚನ್ನವೀರಯ್ಯ ಗುಡುಗಿದರು. “ಭಾಷಣ ಯಾವನಿಗ್ ಬೇಕ್ಲಾ? ಆಕ್ಷನ್ ಮಾಡು.”

“ಮಾಡ್ತೀನಿ. ಹಡಗಿಗೆ ಕ್ಯಾಪ್ಟನ್ ಬೇಕು. ನೀವೇ ಆಗ್ಬೇಕು.”

ಕ್ಯಾಪ್ಟನ್ ಎಂದದ್ದೇ ಅಧ್ಯಕ್ಷರ ಮೀಸೆ ಅರಳಿತು. “ಮೇಡಂ, ವಿಡಿಯೋ ತೆಗೀರಿ” ಎನ್ನುತ್ತ ಸ್ಟೇಜಿನ ಅಂಚಿನ ಕುರ್ಚಿಯಿಂದ ಎದ್ದು ಬಂದರು. ಮುತ್ತುರಾಜ್ ನೆಲಕ್ಕೆ ಕೂರಲು ಹೇಳಿದ, ಪಂಚೆ ಒಟ್ಟುಮಾಡಿಕೊಂಡು ಕೂತರು. ಕೈ ತಲೆ ಮೇಲೆ ಅಂದ, ಇಟ್ಟುಕೊಂಡರು. ಜೇಬಿನಿಂದ ಫೋನು ಕಿತ್ತುಕೊಂಡ, ಅದಕ್ಕೂ ಹಲ್ಲು ಬಿಟ್ಟರು.

“ಆಮೇಲೇನ್ ಮಾಡುದ್ರು?” ಎಂದು ಮಕ್ಕಳು ಕೂಗಿದರು.

“ಆಮೇಲೆ ಊಟ. ನಾನ್ ಬೇಯ್ಸಿದ್ನ ಅವ್ರು, ನಾನು, ಕ್ಯಾಪ್ಟನ್ನು, ಎಲ್ರೂ ಒಂದೇ ತಟ್ಟೇಲಿ. ನೀನ್ ಯಾವ ಜನ ಅಂತ ಒಬ್ನೂ ಕೇಳ್ಲಿಲ್ಲ. ಅವ್ವಾ, ಆ ಕ್ಯಾರಿಯರ್ ತತ್ತಾ.”

ದೊಡ್ಡಗಂಗಮ್ಮ ಸ್ಟೇಜಿನ ಪಕ್ಕದಲ್ಲೇ ನಿಂತಿದ್ದಳು. ಊಟದ ಸಾಲಿನಲ್ಲಿ ಮಗನಿಗೆ ಜಾಗ ಸಿಗುವುದು ಅನುಮಾನವೆಂದು ಮನೆಯಿಂದಲೇ ಬುತ್ತಿ ತಂದಿದ್ದಳು.

“ಬ್ಯಾಡ ಕಣಪ್ಪ, ಹೋಗವ ಬಾ.”

ಮುತ್ತುರಾಜ್ ತಾನೇ ಇಳಿದು ಹೋಗಿ ತಂದು, ಕ್ಯಾರಿಯರ್ ಬಿಚ್ಚಿ ಅಧ್ಯಕ್ಷರ ಮುಂದಿಟ್ಟ. ಮುದ್ದೆ, ಹುರುಳಿಕಾಳು ಸಾರು.

ಮಕ್ಕಳಿನ್ನೂ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವರು ಕೂತಿದ್ದ ಕುರ್ಚಿಗಳ ಸಾಲಿನಲ್ಲಿ ನಗು ನಿಂತಿತು.

“ನಾಟ್ಕ ಮುಗೀತು” ಎಂದು ಚನ್ನವೀರಯ್ಯ ಕೈ ಇಳಿಸಹೋದರು.

“ಇನ್ನೂ ಇಲ್ಲ. ಒತ್ತೆ ಇಟ್ಕಂಡಿದೀನಿ. ದುಡ್ ಬ್ಯಾಡ, ಒಂದ್ ತುತ್ತು ಉಂಡ್ ಎದ್ದೇಳಿ.”

ಅಧ್ಯಕ್ಷರು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಸೂಳೇಮಗನೆ, ನಿಮ್ಮವ್ವನ ಪೊರಕೇನೂ ಕಿತ್ಕತೀನಿ.”

ಮುತ್ತುರಾಜ್ ಹಿಡಿದಿದ್ದ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಬೇವಿನ ಮರದ ಮೇಲಿನ ಸ್ಪೀಕರು ಆ ಮಾತನ್ನು ಊರಿಗೆಲ್ಲ ಕೇಳಿಸಿತು. ಕಾವ್ಯ ಮೇಡಂ ವಿಡಿಯೋ ನಿಲ್ಲಿಸಲಿಲ್ಲ.

ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಅಧ್ಯಕ್ಷರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಅವರ ಬಾಯಿಯ ಮುಂದೆ ಹಿಡಿದಳು.

“ಬಿಸಿ ಅದೆ ಬುದ್ದಿ. ಊದ್ಕಂಡು ನುಂಗಿ.”

ಮುತ್ತುರಾಜ್ ಅಧ್ಯಕ್ಷರ ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ.

“ಅವಸ್ರ ಇಲ್ಲ ಯಜಮಾನ್ರೆ. ನಮ್ಮುನ್ನ ಏಳು ತಿಂಗ್ಳು ಕೂರ್ಸಿದ್ರು.”